ಕುಂಡದ ತಳದಿಂದ ಇಣುಕಿದ ಬೇರು

ಫೆಬ್ರುವರಿಯ ಒಂದು ಶನಿವಾರ ಬೆಳಗ್ಗೆ ಕಿಟಕಿ ಪಕ್ಕದ ಕರಿಬೇವಿನ ಗಿಡಕ್ಕೆ ನೀರು ಹಾಕ್ತಾ ಇದ್ದೆ. ಹಾಕಿದ ನೀರು ಒಂದು ಕ್ಷಣವೂ ನಿಲ್ಲದೆ ಸೀದಾ ಕೆಳಗಿನ ತಟ್ಟೆಗೆ ಇಳೀತು. ಕುಂಡ ಎತ್ತಿ ನೋಡಿದರೆ ತಳದ ತೂತಿನಿಂದ ದಾರದಂಥ ಎರಡು ಬೇರು ಹೊರಗೆ ಇಣುಕ್ತಾ ಇವೆ. ಕುಂಡ ಬದಲಿಸಬೇಕು ಅನ್ನೋದು ಗೊತ್ತಾಯ್ತು. ಆದರೆ ಕೈ ಹಾಕೋಕೆ ಧೈರ್ಯ ಬರಲಿಲ್ಲ.

ಕಾರಣ ಇದೆ. ಇದಕ್ಕಿಂತ ಮುಂಚಿನ ಗಿಡವನ್ನು ಕೊಂದವನು ನಾನೇ. ಗೇಣುದ್ದದ ಸಸಿಯನ್ನು ಡಿಸೆಂಬರಿನ ಚಳಿಯಲ್ಲಿ ಕಿತ್ತು ಬಕೆಟ್ಟಿನಷ್ಟು ದೊಡ್ಡ ಕುಂಡಕ್ಕೆ ಹಾಕಿದ್ದೆ. ಇನ್ನು ನಾಲ್ಕು ವರ್ಷ ಯೋಚನೆ ಇಲ್ಲ ಅಂತ ನನ್ನ ಲೆಕ್ಕ. ನಾಲ್ಕು ವಾರದಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಿ ಕಡ್ಡಿ ಮಾತ್ರ ಉಳೀತು.

"ಒಂದು ಕರಿಬೇವಿನ ಗಿಡಕ್ಕೆ ಇಷ್ಟೊಂದು ಸಂಕಟವಾ?" ಅಂತ ಊರಲ್ಲಿರುವವರು ನಗಬಹುದು. ಅಲ್ಲಿ ತರಕಾರಿಯವಳು ಕೊಸರಿಗೆ ಪುಕ್ಕಟೆ ಹಾಕಿಕೊಡುವ ಸೊಪ್ಪು ಅದು. ಇಲ್ಲಿ ಹಾಗಲ್ಲ. ಮಣ್ಣಿನ ಸಮೇತ ಗಿಡವನ್ನು ಇಂಡಿಯಾದಿಂದ ಅಮೆರಿಕದೊಳಗೆ ತರೋ ಹಾಗಿಲ್ಲ. ಮೇಲಾಗಿ ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದು. ಕಿತ್ತಳೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗವನ್ನು ಹರಡೋ ಸಿಲ್ಲಿಡ್ ಅನ್ನುವ ಪುಟ್ಟ ಕೀಟಕ್ಕೆ ಕರಿಬೇವಿನ ಚಿಗುರು ಬಲು ಇಷ್ಟ. ಆ ಕೀಟ ಫ್ಲೋರಿಡಾದಲ್ಲಿ 1998ರಲ್ಲಿ, ಟೆಕ್ಸಸ್‌ನಲ್ಲಿ 2001ರಲ್ಲಿ ಕಾಣಿಸಿಕೊಂಡಿತು. ಹಿಂದೆಯೇ ರೋಗವೂ ಬಂತು, ಅಲ್ಲಿ 2005ರಲ್ಲಿ, ಇಲ್ಲಿ 2012ರಲ್ಲಿ. ಹೀಗಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಗಿಡ ಸಾಗಿಸೋಕೂ ಕಟ್ಟುಪಾಡು. ಕ್ಲಿಯರ್ ಲೇಕ್‌ನಲ್ಲಿ ನಮಗೆಲ್ಲ ಗಿಡ ಸಿಗೋದು ಪರಿಚಯದವರ ಮನೆಯ ಗಿಡದ ಬುಡದಲ್ಲಿ ಎದ್ದ ಮರಿಯಿಂದ. ನನ್ನದೂ ಹಾಗೆ ಬಂದದ್ದೇ. ಎರಡನೇ ಸಲವೂ ಸಾಯಿಸಿ "ಆಂಟಿ, ಇನ್ನೊಂದು ಕೊಡ್ತೀರಾ?" ಅಂತ ಯಾವ ಮುಖ ಇಟ್ಕೊಂಡು ಕೇಳೋದು!

ಅಮ್ಮನಿಗೆ ಫೋನ್ ಮಾಡಿದೆ. "ಬೇರು ಹೊರಗೆ ಬಂದಿದ್ಯಾ? ಹಾಗಾದ್ರೆ ಅದು ರೆಡಿಯಾಗಿದೆ ಬಿಡು. ಆದ್ರೆ ಈಗ್ಲೇ ಮುಟ್ಬೇಡ ಕಣೋ, ಚಳಿ ಹೋಗ್ಲಿ" ಅಂದಳು. ಬೇರು ಹೊರಗೆ ಬಂದರೆ ಗಿಡ ಕಷ್ಟದಲ್ಲಿದೆ ಅಂತ ನಾನು ಅಂದುಕೊಂಡಿದ್ದೆ. ಅಮ್ಮ ರೆಡಿ ಅಂತಾಳೆ. ಯಾರು ಸರಿ ಅಂತ ಹುಡುಕುತ್ತಾ ಹೋದವನು ಹೋಗಿ ಮುಟ್ಟಿದ್ದು ಹದಿನೆಂಟನೇ ಶತಮಾನದ ಒಂದು ಹಡಗಿಗೆ.

ಗಿಡವನ್ನು ಬೇರು, ಮಣ್ಣಿನ ಸಮೇತ ಒಂದೂರಿಂದ ಇನ್ನೊಂದೂರಿಗೆ ಒಯ್ಯೋದು ತುಂಬಾ ಹಳೇ ಕೆಲಸ. ಕ್ರಿ.ಪೂ. 15ನೇ ಶತಮಾನದಲ್ಲಿ ಈಜಿಪ್ಟಿನ ರಾಣಿ ಹ್ಯಾಟ್‌ಶೆಪ್ಸುಟ್ ಪಂಟ್ ಅನ್ನೋ ದೇಶದಿಂದ ಧೂಪದ ಮರಗಳನ್ನು ತರಿಸಿದಳು. ಬುಡವನ್ನು ಬುಟ್ಟಿಯಲ್ಲಿಟ್ಟು, ಕೋಲಿಗೆ ತೂಗುಹಾಕಿ ಆಳುಗಳು ಹೊತ್ತು ತರುವ ಚಿತ್ರ ಅವಳ ದೇವಾಲಯದ ಗೋಡೆ ಮೇಲೆ ಇವತ್ತಿಗೂ ಇದೆ.

ಆದರೆ ಯಾವಾಗ ಕದಲಿಸಬೇಕು ಅನ್ನೋ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಕ್ಕಿದ್ದು 'ಬೌಂಟಿ' ಹಡಗಿನ ಕಥೆಯಲ್ಲಿ. ದಂಗೆಯ ಹಡಗು ಅಂತ ಸಿನಿಮಾಗಳಲ್ಲಿ ಪ್ರಸಿದ್ಧವಾದ ಹಡಗು ಅದು. ನಿಜಕ್ಕೂ ಅದು ಹೊರಟಿದ್ದು ಗಿಡ ತರೋಕೆ! 1787ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಬಿಟ್ಟ ಬೌಂಟಿ ತಾಹಿತಿ ದ್ವೀಪದಿಂದ ಬ್ರೆಡ್‌ಫ್ರೂಟ್, ಅಂದರೆ ನಮ್ಮ ಕರಾವಳಿಯವರ ಜೀಗುಜ್ಜೆ, ಸಸಿಗಳನ್ನು ವೆಸ್ಟ್ ಇಂಡೀಸಿಗೆ ಒಯ್ಯಬೇಕಿತ್ತು. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಊಟ ಒದಗಿಸೋ ಯೋಜನೆ ಅದು. ಕ್ಯಾಪ್ಟನ್ನಿನ ದೊಡ್ಡ ಕ್ಯಾಬಿನ್ ಗಿಡಗಳ ಕೋಣೆ ಆಯಿತು. ಕುಂಡ ಕೂರಿಸೋಕೆ ತೂತು ಕೊರೆದ ಹಲಗೆಗಳು, ನೆಲಕ್ಕೆ ಸೀಸದ ಹಾಸು. ಕುಂಡಗಳಿಂದ ಸೋರಿದ ನೀರು ಪೀಪಾಯಿಗೆ ಇಳಿದು ಮತ್ತೆ ಗಿಡಕ್ಕೇ ಹೋಗುವ ವ್ಯವಸ್ಥೆ. ಕ್ಯಾಪ್ಟನ್ ಬ್ಲೈ ಮಲಗಿದ್ದು ಇಕ್ಕಟ್ಟಾದ ಸಣ್ಣ ಕೋಣೆಯಲ್ಲಿ.

1788ರ ಅಕ್ಟೋಬರಿನಲ್ಲಿ ತಾಹಿತಿ ತಲುಪಿದರು. ಡೇವಿಡ್ ನೆಲ್ಸನ್ ಅನ್ನೋ ತೋಟಗಾರ ಸಸಿಗಳನ್ನು ಕುಂಡಕ್ಕೆ ಹಾಕಿಸಿದ. ಆದರೆ ಹಡಗು ಹೊರಟಿದ್ದು 1789ರ ಏಪ್ರಿಲ್‌ನಲ್ಲಿ. ಐದು ತಿಂಗಳು ಸುಮ್ಮನೆ ಕೂತಿದ್ದು ಯಾಕೆ? ಗಾಳಿಯ ದಿಕ್ಕಿಗೂ ಕಾಯಬೇಕಿತ್ತು, ಬೇರಿಗೂ ಕಾಯಬೇಕಿತ್ತು. ಮಾರ್ಚ್ ಕೊನೆಗೆ ಕುಂಡಗಳನ್ನು ಹಡಗಿಗೆ ಹತ್ತಿಸುವಾಗ ಬ್ಲೈ ಬರೆದಿಟ್ಟ ಕಾರಣ ಓದಿ ನಾನು ಕುರ್ಚಿಯಿಂದ ಎದ್ದು ಕೂತೆ. ಕುಂಡದ ತಳದಿಂದ ಬೇರು ಕಾಣಿಸೋವರೆಗೂ ಗಿಡಗಳನ್ನು ದಡದಲ್ಲೇ ಇಟ್ಟಿದ್ದರಂತೆ. ಜಾಗ ಬದಲಿಸೋಕೆ ಗಿಡ ತಯಾರಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿಯಂತೆ. ನಮ್ಮಮ್ಮ ಹೇಳಿದ್ದೂ ಅದನ್ನೇ ಅಲ್ವಾ!

774 ಕುಂಡ, 39 ತೊಟ್ಟಿ, 24 ಪೆಟ್ಟಿಗೆಗಳಲ್ಲಿ 1015 ಗಿಡಗಳು ಹಡಗು ಹತ್ತಿದವು. ಮುಂದಿನದ್ದು ಗೊತ್ತೇ ಇದೆ. ಏಪ್ರಿಲ್ 28ಕ್ಕೆ ದಂಗೆ ಆಯ್ತು, ಬ್ಲೈನನ್ನು ದೋಣಿಗೆ ಇಳಿಸಿದರು, ಗಿಡಗಳನ್ನು ಸಮುದ್ರಕ್ಕೆ ಎಸೆದರು. ಆ ದೋಣಿಯಲ್ಲೇ ಟಿಮೋರ್ ತಲುಪಿದ ನೆಲ್ಸನ್ ಅಲ್ಲೇ ಜ್ವರದಿಂದ ತೀರಿಹೋದ. ಐದು ತಿಂಗಳು ದ್ವೀಪದಲ್ಲಿ ಸುಖವಾಗಿದ್ದ ನಾವಿಕರಿಗೆ ಮತ್ತೆ ಹಡಗಿನ ಶಿಸ್ತು ಬೇಡವಾಗಿತ್ತು ಅಂತ ಎಷ್ಟೋ ಜನ ಬರೆದಿದ್ದಾರೆ. ಹಾಗಿದ್ದರೆ ಗಿಡ ಬೇರು ಬಿಡೋವಷ್ಟರಲ್ಲಿ ಮನುಷ್ಯರೂ ಬೇರು ಬಿಟ್ಟಿದ್ದರು ಅನ್ನಬೇಕು :) ಛಲ ಬಿಡದ ಬ್ಲೈ 'ಪ್ರಾವಿಡೆನ್ಸ್' ಹಡಗಿನಲ್ಲಿ ಇನ್ನೊಮ್ಮೆ ಹೋಗಿ, 1793ರಲ್ಲಿ ಜೀಗುಜ್ಜೆಯನ್ನು ಸೇಂಟ್ ವಿನ್ಸೆಂಟ್, ಜಮೈಕಾಗಳಿಗೆ ತಲುಪಿಸಿದ.

ಇದೇ ಕಾಲದ ಆಸುಪಾಸಿನಲ್ಲಿ ನಮ್ಮಲ್ಲೂ ಗಿಡಗಳು ಕಡಲು ದಾಟಿ ಬರ್ತಾ ಇದ್ದವು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರುಮಾಡಿಸಿದ. ಟಿಪ್ಪು ಪರದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದ. ಒಂದು ಶತಮಾನದ ನಂತರ ಅಲ್ಲಿನ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರಾನ್ ಪರಿಚಯಿಸಿದ ಸೀಮೆಬದನೆ ಈಗ ನಮ್ಮ ಸಾಂಬಾರಿನಲ್ಲಿದೆ. ಅವನ ಕಾಲದಲ್ಲೇ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅಷ್ಟರಲ್ಲಿ ಹಡಗಿನ ಗಿಡಗಳಿಗೂ ಗಾಜಿನ ಮನೆ ಸಿಕ್ಕಿತ್ತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಬಾಟಲಿಯೊಳಗಿನ ಒದ್ದೆ ಮಣ್ಣಿನಲ್ಲಿ ಜರಿಗಿಡ ತಾನಾಗಿ ಹುಟ್ಟಿದ್ದು ನೋಡಿದ. 1833ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಸಿಡ್ನಿಗೆ ಕಳಿಸಿದ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದೂ ಅವು ಬದುಕಿದವು.

ಗಿಡ ಬದುಕಿ ಬಂದರಾಯ್ತಾ, ಹಾಕೋ ಮಣ್ಣು? ಕ್ಲಿಯರ್ ಲೇಕ್‌ನ ನೆಲಕ್ಕೆ ಇಲ್ಲಿಯವರು ಗಂಬೋ ಅಂತಾರೆ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ನೆಂಟ. ನೆನೆದರೆ ಉಬ್ಬುತ್ತೆ, ಒಣಗಿದರೆ ಬಿರುಕು ಬಿಡುತ್ತೆ. ಇದನ್ನು ಕುಂಡಕ್ಕೆ ತುಂಬಿದರೆ ಬೇರಿಗೆ ಉಸಿರು ಸಿಗೋದಿಲ್ಲ. ಕುಂಡಕ್ಕೆ ಹೊಲದ ಮಣ್ಣು ಸಾಲದು ಅಂತ ಮೊದಲು ಲೆಕ್ಕ ಹಾಕಿದವರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯವರು ಮುಖ್ಯರು, 1930ರ ದಶಕದಲ್ಲಿ. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮಣ್ಣನ್ನೇ ಬಿಟ್ಟು ಪೀಟ್, ವರ್ಮಿಕ್ಯುಲೈಟ್, ಪರ್ಲೈಟ್ ಬೆರೆಸಿದರು. ಈಗ ಅಂಗಡಿಯಲ್ಲಿ ಕೊಕೊಪೀಟ್ ಇಟ್ಟಿಗೆಯೂ ಸಿಗುತ್ತೆ. ತಿಪಟೂರು ಕಡೆ ರಾಶಿ ಬಿದ್ದಿರೋದನ್ನು ನೋಡಿದ್ದ ತೆಂಗಿನ ನಾರಿನ ಪುಡಿಗೆ ಇಲ್ಲಿ ಡಾಲರ್ ಕೊಡುವಾಗ ಹೊಟ್ಟೆ ಸ್ವಲ್ಪ ಉರಿಯುತ್ತೆ.

ಇಷ್ಟಾದ ಮೇಲೆ ನನ್ನ ಮೊದಲ ಗಿಡ ಸತ್ತಿದ್ಯಾಕೆ ಅಂತ ಅರ್ಥವಾಯ್ತು. ಬೇರು ಕುಡಿಯೋದಕ್ಕಿಂತ ಮಣ್ಣು ಹಿಡಿದಿಟ್ಟ ನೀರೇ ಜಾಸ್ತಿ. ಚಳಿಗಾಲದಲ್ಲಿ ಕರಿಬೇವು ನಿದ್ದೆಯಲ್ಲಿರುತ್ತೆ, ನೀರು ಎಳೆಯೋದಿಲ್ಲ. ದೊಡ್ಡ ಕುಂಡದ ಒದ್ದೆಯಲ್ಲಿ ಬೇರು ಕೊಳೀತು. ತಳಕ್ಕೆ ಜಲ್ಲಿ ಹಾಕಿದ್ದೆ, ಅದೂ ತಪ್ಪೇ. ಸಣ್ಣ ಕಣದ ಮಣ್ಣು ಪೂರ್ತಿ ನೆನೆಯೋವರೆಗೂ ನೀರನ್ನು ಜಲ್ಲಿಗೆ ಬಿಟ್ಟುಕೊಡೋದಿಲ್ಲ. ಒದ್ದೆ ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತೆ.

ಹಾಗಂತ ಕುಂಡ ಬೇಡವೇ ಬೇಡ, ನೆಲಕ್ಕೇ ಹಾಕಿಬಿಡೋಣ ಅನ್ನೋ ಹಾಗೂ ಇಲ್ಲ. 2021ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ನಿನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದು, ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಗಿತ್ತು. ನಾನಾಗ ಇಲ್ಲಿರಲಿಲ್ಲ. ಗಿಡ ಕೊಟ್ಟ ಆಂಟಿ ಹೇಳ್ತಾರೆ, ಹಿತ್ತಲ ನೆಲದಲ್ಲಿದ್ದ ಆಳೆತ್ತರದ ಕರಿಬೇವು ಕಪ್ಪಾಗಿ ಹೋಯ್ತಂತೆ, ಕುಂಡದಲ್ಲಿದ್ದ ಮರಿಯನ್ನು ಎತ್ತಿ ಒಳಗಿಟ್ಟಿದ್ದಕ್ಕೆ ಅದೊಂದು ಉಳೀತಂತೆ. ನನ್ನ ಗಿಡ ಅದರ ಮರಿ.

ಮಾರ್ಚ್ ಕೊನೆಯ ವಾರ, ರಾತ್ರಿಯೂ ಬೆಚ್ಚಗಾದ ಮೇಲೆ, ಕೊನೆಗೂ ಕೈ ಹಾಕಿದೆ. ಹಿಂದಿನ ದಿನವೇ ನೀರು ಹಾಕಿ, ಕುಂಡವನ್ನು ಅಡ್ಡ ಮಲಗಿಸಿ ತಟ್ಟಿದೆ. ಗಿಡ ಇಡಿಯಾಗಿ ಜಾರಿ ಬಂತು. ಸುತ್ತಲೂ ಬಿಳಿ ಬೇರು ಸಿಂಬಿಯ ಹಾಗೆ ಸುತ್ತಿಕೊಂಡಿದ್ದವು. ತಯಾರಾದ ಗಿಡವನ್ನು ತುಂಬಾ ಕಾಯಿಸಿದರೂ ಕಷ್ಟವೇ. ಹೀಗೆ ಸುತ್ತಿದ ಬೇರು ಹೊಸ ಮಣ್ಣಿಗೆ ಹೋದರೂ ಸುತ್ತುತ್ತಲೇ ಇರುತ್ತೆ. ಬೆರಳಿನಿಂದ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ, ಎರಡು ಇಂಚು ಅಗಲ ಹೆಚ್ಚಿರುವ ಕುಂಡಕ್ಕೆ ಮೊದಲಿದ್ದಷ್ಟೇ ಆಳದಲ್ಲಿ ಕೂರಿಸಿದೆ. ನೀರು ತಳದಿಂದ ಸೋರೋವರೆಗೂ ಹಾಕಿ ಒಂದು ವಾರ ನೆರಳಲ್ಲಿಟ್ಟೆ. ಗೊಬ್ಬರ ಕೊಡಲಿಲ್ಲ.

ಹತ್ತು ದಿನ ಎಲೆ ಉದುರಿತು. ದಿನಾ ಬೆಳಗ್ಗೆ ಲೆಕ್ಕ ಹಾಕೋದೇ ನನ್ನ ಕೆಲಸ. ಮೂರನೇ ವಾರ ಆಫೀಸಿಗೆ ಹೊರಟಾಗ ನೋಡಿದೆ, ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಗುರು. ಫೋಟೋ ತೆಗೆದು ಅಮ್ಮನಿಗೂ ಆಂಟಿಗೂ ಕಳಿಸಿದೆ.

ಈಗ ಐದು ಕವಲಿದೆ. ನಿನ್ನೆ ಮೊದಲ ಸಲ ಒಂದೇ ಒಂದು ಎಸಳು ಕಿತ್ತು ತಿಳಿಸಾರಿನ ಒಗ್ಗರಣೆಗೆ ಹಾಕಿದೆ.