ಗುತ್ತಿಗೆ

ಅಯ್ಯನಕೆರೆ ನೀರುಣ್ಣುವ ಸಖರಾಯಪಟ್ಟಣದ ಕಡೆ ಅಡಿಕೆ ಸುಲಿತದ ಕೂಲಿಗೆ ಎರಡು ದಾರಿ: ದಿನಗೂಲಿ, ಇಲ್ಲವೇ ಸುಲಿದ ಲೆಕ್ಕ. ಎರಡನೆಯದನ್ನು ಆಡುಮಾತಿನಲ್ಲಿ 'ಗುತ್ತಿಗೆ' ಎಂದುಬಿಡುತ್ತಾರೆ. ಡಬ್ಬಕ್ಕೋ ಕೆ.ಜಿ.ಗೋ ಇಷ್ಟೆಂದು ಮಾತಾದರೆ, ಮೆಟ್ಟುಗತ್ತಿಯ ಮುಂದೆ ಕೈ ಚುರುಕಾದವರಿಗೆ ಹೆಚ್ಚು ದುಡ್ಡು.

ಗುತ್ತ, ಗುತ್ತಗೆ ಹಳೆಯ ರೂಪಗಳು; ತೆಲುಗಿನಲ್ಲಿ 'ಗುತ್ತ', ತಮಿಳಿನಲ್ಲಿ 'ಕುತ್ತಗೈ'. ಮೊದಲಿಗೆ ಇದು ಹೊಲದ ಮಾತು. ಒಡೆಯನಿಗೆ ಗೊತ್ತಾದಷ್ಟು ಗೇಣಿ ಅಳೆದರೆ ಮಿಕ್ಕ ಬೆಳೆ ಉತ್ತವನದು. ಮಳೆ ಕೈಕೊಟ್ಟರೆ ನಷ್ಟವೂ ಅವನದೇ. ಕೆಲಸದ ಗುತ್ತಿಗೆಯಲ್ಲೂ ಅದೇ ಜಾಯಮಾನ. ಕಾಯಿ ಸಣ್ಣದಿದ್ದರೆ ತೂಕ ಏಳುವುದಿಲ್ಲ, ಆ ಪೆಟ್ಟು ಸುಲಿಯುವವರಿಗೆ. ಚುರುಕುತನಕ್ಕೆ ಬೆಲೆ ಎನ್ನುವವರು ಇದನ್ನು ಹೇಳುವುದು ಕಡಿಮೆ.

ಇಂಥ ಕೂಲಿ ಬೇರೆ ಕೆಲಸಗಳಲ್ಲೂ ಇದೆ: ಬೀಡಿಗೆ ಸಾವಿರದ ಲೆಕ್ಕ, ಕೆಲವು ಗಾರ್ಮೆಂಟ್ಸ್‌ಗಳಲ್ಲಿ ಪೀಸಿನ ಲೆಕ್ಕ. 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮು, ಕೆಲಸ ಪೀಸಿನ ಲೆಕ್ಕದ್ದಾದರೂ ಹೊತ್ತಿನ ಲೆಕ್ಕದಲ್ಲಿ ಕನಿಷ್ಠ ದರ ಗೊತ್ತುಮಾಡಿದ್ದರೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದಿತು.

ಈಗಿನ 'ಗುತ್ತಿಗೆ ಕಾರ್ಮಿಕ' ಬೇರೆಯೇ. ಅವನ ಸಂಬಳ ಸಾಮಾನ್ಯವಾಗಿ ದಿನದ್ದು ಅಥವಾ ತಿಂಗಳದ್ದು; ಗುತ್ತಿಗೆ ಹಿಡಿದವನು ನಡುವಿನ ಕಂಟ್ರಾಕ್ಟರ್.