ಹಾವಿನ ವಿಷ ತೋರಿಸಿಕೊಟ್ಟ ಬೀಗ



ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಡೆಯವರಿಗೆ ಎರಡು ವಿಷಯ ಹೊಸದಲ್ಲ. ಒಂದು ಪಕ್ಕದ ಶಿವನಸಮುದ್ರದ ಕರೆಂಟು, ಇನ್ನೊಂದು ಗದ್ದೆ ಬಯಲಿನ ಹಾವು. ಇವತ್ತಿನ ಕಥೆಯಲ್ಲಿ ಎರಡೂ ಬರುತ್ತವೆ.

ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸ್ತು. ಅದೇ 1905ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಜಾನ್ ಲ್ಯಾಂಗ್ಲಿ ಎಂಬ ವಿಜ್ಞಾನಿ ನಮ್ಮ ಮೈಯೊಳಗಿನ ತಂತಿಯ ಬಗ್ಗೆ, ಅಂದರೆ ನರದ ಬಗ್ಗೆ, ಒಂದು ಪ್ರಬಂಧ ಬರೆದರು. ನರದ ಸುದ್ದಿಯನ್ನು ಸ್ನಾಯುವಿನಲ್ಲಿ ತಗೊಳ್ಳೋದು ಯಾವುದು ಅನ್ನೋದು ಅವರ ಪ್ರಶ್ನೆ.

ಕೋಳಿಯ ಸ್ನಾಯುವಿಗೆ ನಿಕೋಟಿನ್ ಸೋಕಿಸಿದರೆ ಅದು ಬಿಗಿಯಾಗುತ್ತಿತ್ತು. ನರ ಕತ್ತರಿಸಿ, ಅದು ಪೂರ್ತಿ ಸತ್ತ ಮೇಲೂ ಹಾಗೇ ಆಗುತ್ತಿತ್ತು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುವ ಕ್ಯುರಾರೆ ವಿಷ ಹಾಕಿದರೆ ಆ ಬಿಗಿತ ನಿಲ್ಲುತ್ತಿತ್ತು. ಹಾಗಾದರೆ ಎರಡೂ ಕೆಲಸ ಮಾಡೋದು ನರದ ಮೇಲಲ್ಲ, ಸ್ನಾಯುವಿನ ಮೇಲೆ. ಅಲ್ಲಿ ಸುದ್ದಿ ಹಿಡಿಯುವ ವಸ್ತು ಏನೋ ಇರಬೇಕು ಅಂದರು ಲ್ಯಾಂಗ್ಲಿ. ಇವತ್ತು ನಾವು ರಿಸೆಪ್ಟರ್ ಅಥವಾ ಗ್ರಾಹಕ ಅನ್ನೋದು ಅದನ್ನೇ.

ಜೀವಕೋಶದ ಪೊರೆಯಲ್ಲಿ ಕೂತಿರುವ ಬೀಗ ಅಂದುಕೊಳ್ಳಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ಕೀಲಿ ಬರುತ್ತೆ. ಅದು ಕೂತಾಗ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತೆ, ಸ್ನಾಯು ಬಿಗಿಯುತ್ತೆ. ನಾವು ಕಣ್ಣು ಮಿಟುಕಿಸೋದು, ಉಸಿರಾಡೋದು ಎಲ್ಲ ಹೀಗೇ.

ಆದರೆ ಲ್ಯಾಂಗ್ಲಿ ಹೇಳಿದ ಮೇಲೂ ಅರವತ್ತು ವರ್ಷ ಆ ಬೀಗ ಯಾರ ಕೈಗೂ ಸಿಗಲಿಲ್ಲ. ಕೊನೆಗೆ ಹಿಡಿದುಕೊಟ್ಟಿದ್ದು ಹಾವು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅಲ್ಲಿನ ಕಟ್ಟುಹಾವಿನ ವಿಷದಿಂದ ಒಂದು ಅಂಶವನ್ನು ಬೇರ್ಪಡಿಸಿದರು. ಅದು ಈ ಬೀಗಕ್ಕೆ ಅಂಟಿದರೆ ಸುಲಭಕ್ಕೆ ಬಿಡೋದಿಲ್ಲ. 1970ರಲ್ಲಿ ಫ್ರಾನ್ಸಿನ ಜಾನ್-ಪಿಯರ್ ಶಾಂಜೂ ಲೀ ಜೊತೆ ಸೇರಿ, ಇದೇ ವಿಷವನ್ನು ಗಾಳದಂತೆ ಬಳಸಿ, ವಿದ್ಯುತ್ ಈಲ್ ಮೀನಿನಿಂದ ಆ ಗ್ರಾಹಕವನ್ನು ಗುರುತಿಸಿದರು.

ಲಾಭ ಬೇರೆ ಕಡೆಯೂ ಆಯ್ತು. ರೆಪ್ಪೆ ಜೋತುಬಿದ್ದು, ನುಂಗೋಕೂ ಕಷ್ಟವಾಗುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆಯವರ ಸ್ನಾಯುವಿನಲ್ಲಿ ಈ ಗ್ರಾಹಕಗಳು ಕಡಿಮೆ ಅಂತ 1973ರಲ್ಲಿ ಅದೇ ವಿಷ ಬಳಸಿ ಎಣಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಬೀಗಗಳ ಮೇಲೆ ದಾಳಿ ಮಾಡುತ್ತೆ ಅಂತ ಗೊತ್ತಾಯ್ತು.

ಈಗ ನಮ್ಮ ಗದ್ದೆಗೆ ಬರೋಣ. ನಾಗರಹಾವಿನ ವಿಷ ಈ ಬೀಗವನ್ನೇ ಮುಚ್ಚುತ್ತೆ. ಕಟ್ಟುಹಾವಿನ ವಿಷ ಮುಖ್ಯವಾಗಿ ಕೀಲಿ ಕಳಿಸುವ ನರದ ತುದಿಯನ್ನೇ ಹಾಳುಮಾಡುತ್ತೆ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚೋದು ಹೆಚ್ಚು, ಎಷ್ಟೋ ಸಲ ನೋವೇ ಇರೋಲ್ಲ. ಮೊದಲು ರೆಪ್ಪೆ ಇಳಿಯುತ್ತೆ, ಮಾತು ತೊದಲುತ್ತೆ, ಆಮೇಲೆ ಉಸಿರಿನ ಸ್ನಾಯು ನಿಲ್ಲುತ್ತೆ. ಇಲ್ಲಿ ಒಂದು ಮಾತು ನೆನಪಿಡಿ: ಅಲ್ಲಾಡದೆ ಬಿದ್ದವರು ಸತ್ತಿರಬೇಕಿಲ್ಲ. ಅವರಿಗೆ ನಮ್ಮ ಮಾತು ಕೇಳಿಸುತ್ತಿರಬಹುದು. ಯಂತ್ರದಿಂದ ಉಸಿರು ಕೊಟ್ಟು, ವಿಷನಿರೋಧಕ ಔಷಧಿ ಕೊಟ್ಟರೆ ಎದ್ದು ಕೂರುವವರಿದ್ದಾರೆ. ಮಂತ್ರ, ನಾಟಿ ಔಷಧಿ ಅಂತ ಕಳೆದ ಒಂದೊಂದು ಗಂಟೆಯೂ ಅವರ ಉಸಿರಿನಿಂದ ಕಡಿತ.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಲೆಕ್ಕಕ್ಕೆ ಬರದ ಸಾವಿಗೆ ಔಷಧಿಯ ದಾಸ್ತಾನೂ ಇರೋಲ್ಲ ನೋಡಿ.

ಅದೇ ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿದ ತಂಡವೊಂದು ಪ್ರಯೋಗಾಲಯದಲ್ಲಿ ರೂಪಿಸಿದ ಪ್ರತಿಕಾಯದ ಬಗ್ಗೆ ಪ್ರಕಟಿಸಿತು. ಅದು ಬೀಗದಂತೆಯೇ ವೇಷ ಹಾಕಿ ವಿಷವನ್ನು ತನ್ನತ್ತ ಸೆಳೆದುಕೊಳ್ಳುತ್ತೆ. ಸದ್ಯ ಇಲಿಗಳಲ್ಲಿ ಕೆಲಸ ಮಾಡಿದೆ, ಅದೂ ಒಂದು ಬಗೆಯ ನರವಿಷಕ್ಕೆ ಮಾತ್ರ. ರಕ್ತ ಕೆಡಿಸುವ ಕೊಳಕುಮಂಡಲದ ವಿಷಕ್ಕೆ ಇದು ಆಗೋಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದು ಇಷ್ಟು: ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಕೈಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ, ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಿ.