ಬೀಟಲ್‌ಗೆ ಹೊರಗಿನಿಂದ ಬಂದ ಫಿಲ್ಟರ್

ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳು 1938ರಿಂದ 2003ರವರೆಗೆ ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಅವುಗಳಲ್ಲಿ ಬಹುಪಾಲು ಕಾರುಗಳಿಗೆ ಆಯಿಲ್ ಫಿಲ್ಟರೇ ಇರಲಿಲ್ಲ.

ಫಿಲ್ಟರ್ ಆಗ ಯಾರಿಗೂ ಗೊತ್ತಿಲ್ಲದ ವಸ್ತುವೇನಲ್ಲ. ಅಮೆರಿಕದ ಸ್ವೀಟ್‌ಲ್ಯಾಂಡ್ ಮತ್ತು ಗ್ರೀನ್‌ಹಾಲ್ಗ್ 1923ರಲ್ಲೇ ಪ್ಯೂರೋಲೇಟರ್ ಎಂಬ ಆಯಿಲ್ ಫಿಲ್ಟರಿಗೆ ಪೇಟೆಂಟ್ ಪಡೆದಿದ್ದರು. ಮರುವರ್ಷ ಬಂದ ಕ್ರೈಸ್ಲರ್ ಕಾರಿನಲ್ಲಿ ಅದು ಕೂತಿತ್ತು. ಆ ಕಾಲದ ಫಿಲ್ಟರುಗಳದ್ದು ಅರೆಬರೆ ಕೆಲಸ: ಪಂಪ್ ತಳ್ಳಿದ ಆಯಿಲ್‌ನಲ್ಲಿ ಒಂದು ಪಾಲು ಮಾತ್ರ ಅವುಗಳೊಳಗೆ ಹಾದು ಎಂಜಿನ್ ತಳದ ಆಯಿಲ್ ಚೇಂಬರಿಗೆ ಮರಳುತ್ತಿತ್ತು, ಉಳಿದದ್ದು ಸೋಸದೆಯೇ ಬೇರಿಂಗ್ ಸೇರುತ್ತಿತ್ತು. ಇಡೀ ಆಯಿಲ್ ಸೋಸಿಯೇ ಮುಂದೆ ಹೋಗುವ ಫುಲ್-ಫ್ಲೋ ಏರ್ಪಾಡು ವಾಡಿಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ.

ಬೀಟಲ್ ಹುಟ್ಟಿದ್ದು 990 ರೈಖ್ಸ್‌ಮಾರ್ಕ್ ಬೆಲೆಯ ಕರಾರಿನಲ್ಲಿ. ಬಿಡಬಹುದಾದದ್ದನ್ನೆಲ್ಲ ಬಿಟ್ಟೇ ಫರ್ಡಿನಾಂಡ್ ಪೋರ್ಶೆಯ ತಂಡ ಅದನ್ನು ರೂಪಿಸಿತು. ಫಿಲ್ಟರಿನ ಜಾಗದಲ್ಲಿದ್ದದ್ದು ಎಂಜಿನ್ನಿನ ತಳದಲ್ಲಿ ಆರು ನಟ್‌ಗಳ ತಟ್ಟೆ, ಅದರ ಮೇಲೊಂದು ತಂತಿಯ ಜಾಲರಿ, ಎರಡು ಕಾಗದದ ಗ್ಯಾಸ್ಕೆಟ್. ಚಹಾ ಸೋಸುವ ಜರಡಿಯಷ್ಟೇ ಅದರ ಯೋಗ್ಯತೆ. ಸಣ್ಣ ಲೋಹದ ಪುಡಿ ಸಲೀಸಾಗಿ ನುಸುಳಿಬಿಡುತ್ತಿತ್ತು. ಹಾಗಾಗಿ ಇದ್ದ ಎರಡೂವರೆ ಲೀಟರ್ ಆಯಿಲನ್ನು ಐದು ಸಾವಿರ ಕಿಲೋಮೀಟರಿಗೊಮ್ಮೆ ಬದಲಾಯಿಸಿ, ಜಾಲರಿ ತೊಳೆದಿಡಬೇಕಿತ್ತು. ಸೋಜಿಗವೆಂದರೆ, ಅದೇ ಮನೆತನದ ದುಬಾರಿ ಪೋರ್ಶೆ 356ಕ್ಕೆ ಫ್ಯಾನಿನ ಪಕ್ಕದಲ್ಲೇ ಫಿಲ್ಟರ್ ಡಬ್ಬಿ ಇತ್ತು!

ಮನೆ-ಕಚೇರಿಯ ಓಡಾಟಕ್ಕೆ ಜಾಲರಿ ಸಾಕಾಗುತ್ತಿತ್ತು. ಆದರೆ ಈ ಎಂಜಿನ್ ಮರಳುಗಾಡಿಗೂ ಹೋಯಿತು. 1967ರ ಮೊದಲ ಮೆಕ್ಸಿಕನ್ 1000 ಓಟ ಗೆದ್ದದ್ದು ಬೀಟಲ್ ಎಂಜಿನ್ ಹೊತ್ತ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ. ಅಂಥ ಧೂಳಿನಲ್ಲಿ ದುಡಿಯುವ ಎಂಜಿನ್ನಿಗೆ ಜಾಲರಿಯನ್ನಷ್ಟೇ ನಂಬಿ ಕೂರಲಾಗದು. ತಿರುಗಿಸಿ ಕೂರಿಸುವ ಸ್ಪಿನ್-ಆನ್ ಫಿಲ್ಟರ್ 1950ರ ದಶಕದಲ್ಲೇ ಬಂದಿತ್ತು. ಅದನ್ನು ಕೂರಿಸಲು ಎಂಜಿನ್ನಿನಲ್ಲಿ ಜಾಗವಿಲ್ಲದ್ದರಿಂದ ದೂರದಲ್ಲೆಲ್ಲೋ ಬಿಗಿದು, ಹೋಸ್ ಎಳೆಯುವ ಕೌಶಲ ಬೆಳೆಯಿತು.

ಸುಲಭದ ದಾರಿ, ಪಂಪಿನ ಮುಚ್ಚಳವನ್ನೇ ಬದಲಾಯಿಸಿ, ಅಲ್ಲಿಂದಲೇ ಆಯಿಲ್ ಹೊರಗೆ ಕಳಿಸಿ ಅಲ್ಲಿಗೇ ವಾಪಸ್ ತರುವುದು. ನುರಿತವರು ಹಿಡಿಯುವ ದಾರಿ ಬೇರೆ. ಪಂಪಿನ ಮೂಲ ದ್ವಾರ ಮುಚ್ಚಿ, ಪಕ್ಕದ ಮುಖ್ಯ ಆಯಿಲ್ ಗ್ಯಾಲರಿಯನ್ನು, ಅಂದರೆ ಬೇರಿಂಗ್‌ಗಳಿಗೆ ಆಯಿಲ್ ಒಯ್ಯುವ ನಾಳವನ್ನು, ಕೊರೆದು ಥ್ರೆಡ್ ಹಾಕುತ್ತಾರೆ. ಆಯಿಲ್ ಮುಚ್ಚಳದಿಂದ ಹೊರಟು, ಫಿಲ್ಟರ್ ದಾಟಿ, ಈ ತೂತಿನಿಂದ ಒಳಬರುತ್ತದೆ. ಎಂಜಿನ್ನಿನ ಹೊರಕವಚವಾದ ಕೇಸ್ ಮೆಗ್ನೀಸಿಯಮ್ ಮಿಶ್ರಲೋಹದ್ದು. ಮೊನಚಾಗುತ್ತ ಹೋಗುವ ಪೈಪ್ ಥ್ರೆಡ್ಡನ್ನು ಅತಿಯಾಗಿ ಬಿಗಿದರೆ ಬಿರುಕು ಖಚಿತ. ಕೊರೆದ ಪುಡಿ ಒಂದಿಷ್ಟು ಒಳಗುಳಿದರೂ ಸೋಸಲು ಹೊರಟ ಉದ್ದೇಶವೇ ಹಾಳು, ಆದ್ದರಿಂದ ಎಂಜಿನ್ ಪೂರ್ತಿ ಬಿಚ್ಚಿದ್ದಾಗಲೇ ಈ ಕೆಲಸ.

ಹೋಸ್‌ಗಳನ್ನು ಅದಲುಬದಲು ಮಾಡುವಂತಿಲ್ಲ. ಆಯಿಲ್ ಫಿಲ್ಟರಿನ ಅಂಚಿನ ತೂತುಗಳಿಂದ ಒಳಹೊಕ್ಕು ನಡುವಿನದರಿಂದ ಹೊರಬರಬೇಕು. ಇನ್ನೊಂದು ತೊಡಕಿದೆ: ಫಿಲ್ಟರ್ ಈಗ ಹೆಚ್ಚಿನ ಒತ್ತಡ ಇಳಿಸುವ ಎಂಜಿನ್ನಿನ ಪ್ರೆಷರ್ ವಾಲ್ವಿಗಿಂತ ಮೊದಲೇ ಬರುವುದರಿಂದ, ಚಳಿಯ ಮುಂಜಾನೆ ದಪ್ಪಗಾದ ಆಯಿಲಿನ ಒತ್ತಡವೆಲ್ಲ ಅದರ ಮೇಲೆಯೇ. ದೊಡ್ಡ ಪಂಪ್ ಹಾಕಿದವರ ಫಿಲ್ಟರ್ ಉಬ್ಬಿ ಸೋರುವುದೂ ಉಂಟು. ವಾಲ್ವ್ ಸಮೇತ ಬರುವ ಪಂಪ್ ಮುಚ್ಚಳಗಳು ಹುಟ್ಟಿದ್ದು ಇದಕ್ಕಾಗಿಯೇ.

ಕಾರ್ಖಾನೆಯಿಂದಲೇ ಫುಲ್-ಫ್ಲೋ ಫಿಲ್ಟರ್ ಸಿಕ್ಕದ್ದು 1990ರ ದಶಕದಲ್ಲಿ, ಮೆಕ್ಸಿಕೋದ ಪ್ವೆಬ್ಲಾದಲ್ಲಿ ತಯಾರಾದ ಫ್ಯೂಯಲ್ ಇಂಜೆಕ್ಷನ್ ಬೀಟಲ್‌ಗಳಿಗೆ. ಉಳಿದ ಹಳೆಯ ಕಾರುಗಳಿಗೆ ಇಂದಿಗೂ ಹೋಸ್‌ಗಳೇ ಗತಿ. ಗ್ಯಾಲರಿ ಕೊರೆದು ಥ್ರೆಡ್ ಹಾಕಿಟ್ಟ ಹೊಸ ಕೇಸ್‌ಗಳೂ ಈಗ ಮಾರಾಟಕ್ಕಿವೆ.